ಸೆರಗು ಎಲ್ಲಿ ಹೋತು? ಬಣ್ಣ ಆರಿಸುವ ಯಂತ್ರಗಳ ಒಂದು ಹಳೇ ಕಾಯಿಲೆ

ಹುಬ್ಬಳ್ಳಿಯಲ್ಲಿರುವ ನಮ್ಮ ವೈನಿ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತಾರೆ. ಇಷ್ಟು ದಿನ ವಾಟ್ಸಾಪ್ ಸ್ಟೇಟಸ್ಸೇ ಅವರ ಅಂಗಡಿ. ಈ ಸಲ ಒಂದು ಪುಟ್ಟ ವೆಬ್‌ಸೈಟ್ ಮಾಡಿಕೊಡು ಅಂದರು. ನಾನು ಮೊದಲೇ ಸೋಮಾರಿ. ಒಂದು ಎಐ ಚಾಟ್‌ಬಾಟ್‌ಗೆ "ಸೀರೆ ಮಾರುವ ಪುಟ ಬೇಕು, ಚೆಂದದ ಬಣ್ಣ ಹಾಕು" ಅಂತ ಹೇಳಿ ಚಹಾ ಮಾಡಿಕೊಳ್ಳೋಕೆ ಎದ್ದು ಹೋದೆ. ವಾಪಸ್ ಬರುವಷ್ಟರಲ್ಲಿ ಪುಟ ರೆಡಿ. ನೀಲಿಯಿಂದ ನೇರಳೆಗೆ ಜಾರುವ ಹಿನ್ನೆಲೆ, ನೇರಳೆ ಬಟನ್, ನೇರಳೆ ಲಿಂಕು, ಕೆಳಗಡೆ ಇನ್ನೊಂದು ಸ್ವಲ್ಪ ತಿಳಿ ನೇರಳೆ. ವೈನಿಗೆ ಕಳಿಸಿದೆ. ಐದು ನಿಮಿಷಕ್ಕೆ ವಾಯ್ಸ್ ಮೆಸೇಜು: "ಏನೋ ಇದು, ಸೀರಿ ಅಂಗಡಿಗೆ ಬದನಿಕಾಯಿ ಬಣ್ಣ ಹಚ್ಚೀಯಲ್ಲೋ?"

ಈ ಬದನೆಕಾಯಿ ಬಣ್ಣ ನೀವೂ ನೋಡಿರ್ತೀರಿ. ಕಳೆದ ಎರಡು ಮೂರು ವರ್ಷದಲ್ಲಿ ಹುಟ್ಟಿದ ಯಾವ ಎಐ ಆಪ್ ತೆಗೆದರೂ, ಎಐ ಕೈಲಿ ಬರೆಸಿದ ಯಾವ ಪುಟ ತೆಗೆದರೂ ಅದೇ ನೀಲಿ-ನೇರಳೆ. ಇದಕ್ಕೆ ಒಂದು ಮಜವಾದ ವಿವರಣೆ ಇದೆ. ಟೈಲ್‌ವಿಂಡ್ ಅಂತ ವೆಬ್ ಪುಟಗಳಿಗೆ ಅಲಂಕಾರ ಮಾಡೋ ಒಂದು ಸಲಕರಣೆ ಇದೆ, ಪ್ರೋಗ್ರಾಮರ್‌ಗಳಲ್ಲಿ ತುಂಬಾ ಜನ ಬಳಸುತ್ತಾರೆ. ಅದನ್ನು ಕಟ್ಟಿದ ಆಡಮ್ ವಾಥನ್ 2025ರಲ್ಲಿ ಅರ್ಧ ತಮಾಷೆಗೆ ಬಹಿರಂಗವಾಗಿ ಕ್ಷಮೆ ಕೇಳಿದರು. ಐದು ವರ್ಷದ ಹಿಂದೆ ತಮ್ಮ ಸಿದ್ಧ ಮಾದರಿಗಳಲ್ಲಿ ಎಲ್ಲಾ ಬಟನ್‌ಗೂ 'ಇಂಡಿಗೊ-500' ಅನ್ನೋ ಬಣ್ಣ ಹಾಕಿದ್ದರಿಂದಲೇ ಇವತ್ತು ಲೋಕದ ಎಐ ಪುಟಗಳೆಲ್ಲ ಇಂಡಿಗೊ ಆಗಿವೆ ಅಂತ. ಪೂರ್ತಿ ತಪ್ಪು ಅವರದ್ದೇ ಅಂತ ಹೇಳೋಕಾಗಲ್ಲ. ಆದರೆ ನಡೆದ ರೀತಿ ನಂಬೋ ಹಾಗಿದೆ. ಒಬ್ಬರು ಒಂದು ಮಾದರಿ ಕೊಟ್ಟರು, ಸಾವಿರಾರು ಜನ ಬಣ್ಣ ಬದಲಾಯಿಸದೇ ಹಾಗೇ ಎತ್ತಿಕೊಂಡರು, ಆ ಕೋಡ್ ಎಲ್ಲ ಇಂಟರ್‌ನೆಟ್‌ನಲ್ಲಿ ಬಿತ್ತು, ಚಾಟ್‌ಬಾಟ್‌ಗಳ ಒಳಗಿರೋ ಭಾಷಾ ಮಾಡೆಲ್‌ಗಳು ಅದನ್ನೇ ಓದಿದವು. "ಬಟನ್‌ಗೆ ಯಾವ ಬಣ್ಣ?" ಅಂತ ಕೇಳಿದಾಗ ಜಾಸ್ತಿ ಸಲ ಕಂಡದ್ದನ್ನೇ ಅದು ಹೇಳುತ್ತದೆ. ಸೀರೆ ಅಂಗಡಿಯೋ ಸಿಮೆಂಟ್ ಅಂಗಡಿಯೋ ಅದಕ್ಕೆ ಒಂದೇ.

ಬಣ್ಣ ಆರಿಸುವ ಯಂತ್ರಗಳನ್ನು ನಾನು ಕೆಲವು ವರ್ಷದಿಂದ ಕೆದಕುತ್ತಾ ಬಂದಿದ್ದೇನೆ. ಎಲ್ಲಿ ಕೆದಕಿದರೂ ಕೊನೆಗೆ ಸಿಗುವ ಕಾಯಿಲೆ ಒಂದೇ: ಸರಾಸರಿ. ಲೆಕ್ಕದಲ್ಲಿ ಸರಾಸರಿ ತುಂಬಾ ಒಳ್ಳೇ ಮನುಷ್ಯ. ಬಣ್ಣದಲ್ಲಿ ಅವನು ಕೈ ಹಾಕಿದ್ದೆಲ್ಲ ಕೆಸರು.

ಈ ಯಂತ್ರಗಳು ಕೊಡೋದು ಪ್ಯಾಲೆಟ್. ಪ್ಯಾಲೆಟ್ ಅಂದರೆ ದೊಡ್ಡ ವಿಷಯ ಏನಲ್ಲ, ಜೊತೆಗಿಟ್ಟರೆ ಚೆನ್ನಾಗಿ ಕಾಣುವ ನಾಲ್ಕೈದು ಬಣ್ಣ. ಪರದೆಯ ಮೇಲೆ ಪ್ರತಿ ಬಣ್ಣಕ್ಕೂ ಮೂರು ಅಂಕಿ. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಒಂದೊಂದೂ 0ಯಿಂದ 255ರ ತನಕ. ಗುಣಿಸಿದರೆ ಒಟ್ಟು 1,67,77,216 ಬಣ್ಣ. ಇಷ್ಟರಲ್ಲಿ ಐದು ಆರಿಸು ಅಂದರೆ ಯಾರಿಗಾದರೂ ತಲೆ ಕೆಡುತ್ತದೆ, ಅಲ್ವಾ? ಅದಕ್ಕೇ ಈ ಸಲಕರಣೆಗಳು ಹುಟ್ಟಿದ್ದು. ಕೂಲರ್ಸ್ ಅನ್ನೋ ಸೈಟಿನಲ್ಲಿ ಸ್ಪೇಸ್‌ಬಾರ್ ಒತ್ತಿದರೆ ಐದು ಬಣ್ಣ, ಮತ್ತೆ ಒತ್ತಿದರೆ ಇನ್ನೈದು. ಹುರಿದ ಕಡಲೆಕಾಯಿ ತಿಂದ ಹಾಗೆ, ಕೈ ನಿಲ್ಲಲ್ಲ.

ವೈನಿ ಬೈದ ಮೇಲೆ ನಾನು ಹಳೇ ದಾರಿ ಹಿಡಿದೆ. ಸೀರೆಯ ಫೋಟೊದಿಂದಲೇ ಬಣ್ಣ ತೆಗೆಯೋಣ ಅಂತ. ಅವರು ಕಳಿಸಿದ ಫೋಟೊದಲ್ಲಿ ಕಪ್ಪು ಮೈಯ ಇಳಕಲ್ ಸೀರೆ, ಮಂಚದ ಮೇಲೆ ಹರವಿಟ್ಟದ್ದು. ಕೆಂಪು ಸೆರಗು, ಅದರ ಮೇಲೆ ಗೋಪುರದ ಸಾಲಿನ ಹಾಗೆ ಎದ್ದು ಕಾಣುವ ಬಿಳಿ. ತೋಪ್ ತೆನಿ ಸೆರಗು ಅಂತಾರಲ್ಲ, ಅದೇ. ದಡಿಯಲ್ಲಿ ಸಣ್ಣಗೆ ಹಳದಿ ಎಳೆ. ಇದಕ್ಕೆ ಕೆ-ಮೀನ್ಸ್ ಅನ್ನೋ ಹಳೇ ವಿಧಾನ ಓಡಿಸಿದೆ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಸ್ಟುವರ್ಟ್ ಲಾಯ್ಡ್ 1957ರಲ್ಲೇ ಬರೆದಿಟ್ಟಿದ್ದ ಲೆಕ್ಕ ಅದು, ಅಚ್ಚಾಗಿದ್ದು ಮಾತ್ರ 1982ರಲ್ಲಿ.

ಅದು ಹೇಗೆ ಕೆಲಸ ಮಾಡುತ್ತದೆ ಅಂದರೆ, ಒಂದು ದೊಡ್ಡ ಮೈದಾನದಲ್ಲಿ ಜಾತ್ರೆಯ ಜನ ಸೇರಿದ್ದಾರೆ ಅಂದುಕೊಳ್ಳಿ. ಐದು ಚಹಾ ಗಾಡಿಗಳು ಎಲ್ಲೆಲ್ಲೋ ನಿಂತಿವೆ. ಪ್ರತಿಯೊಬ್ಬರೂ ತಮಗೆ ಹತ್ತಿರದ ಗಾಡಿಗೆ ಹೋಗುತ್ತಾರೆ. ಆಮೇಲೆ ಗಾಡಿಯವನು ತನ್ನ ಗಿರಾಕಿಗಳ ನಟ್ಟನಡುವೆ ಬರೋ ಹಾಗೆ ಗಾಡಿ ತಳ್ಳಿಕೊಂಡು ಹೋಗುತ್ತಾನೆ. ಗಾಡಿ ಸರಿದ ಮೇಲೆ ಕೆಲವರಿಗೆ ಬೇರೆ ಗಾಡಿ ಹತ್ತಿರವಾಗುತ್ತದೆ, ಅವರು ಅತ್ತ ಹೋಗುತ್ತಾರೆ, ಗಾಡಿಗಳು ಮತ್ತೆ ಸರಿಯುತ್ತವೆ. ಹೀಗೇ ಸರಿದು ಸರಿದು ಒಂದು ಹೊತ್ತಿನಲ್ಲಿ ಎಲ್ಲ ನಿಲ್ಲುತ್ತವೆ. ಇಲ್ಲಿ ಜನ ಅಂದರೆ ಫೋಟೊದ ಒಂದೊಂದು ಪಿಕ್ಸೆಲ್, ಮೈದಾನ ಅಂದರೆ ಬಣ್ಣಗಳ ಲೋಕ, ಕೊನೆಗೆ ಗಾಡಿ ನಿಂತ ಐದು ಜಾಗವೇ ನಿಮ್ಮ ಐದು ಬಣ್ಣ. ಮೀನ್ ಅಂದರೆ ಸರಾಸರಿ. ಕಾಯಿಲೆ ಹೆಸರಿನಲ್ಲೇ ಕೂತಿದೆ ನೋಡಿ.

ಬಂದ ಐದು ಬಣ್ಣ ಹೀಗಿದ್ದವು. ಕಪ್ಪು. ಸ್ವಲ್ಪ ತಿಳಿ ಕಪ್ಪು. ಟ್ಯೂಬ್‌ಲೈಟ್ ಬಿದ್ದ ಕಡೆಯ ಬೂದು. ಮಂಚದ ಬೆಡ್‌ಶೀಟಿನ ಒಂಥರಾ ಹಸಿರು. ಕೊನೆಯದು, ಹತ್ತು ಸಲ ತೊಳೆದು ಬಿಳಚಿಕೊಂಡ ಹಾಗಿರೋ ಕೆಂಪು. ಸೆರಗಿನ ಕೆಂಪೂ ಬಿಳಿಯೂ ಒಂದೇ ಗಾಡಿಯ ಗಿರಾಕಿಗಳಾಗಿ ಸೇರಿಕೊಂಡು ಹುಟ್ಟಿದ ಬಣ್ಣ ಅದು. ಸೀರೆಯಲ್ಲಿ ಆ ಬಣ್ಣದ ಒಂದು ಎಳೆಯೂ ಇಲ್ಲ. ಹಳದಿಯಂತೂ ಪತ್ತೆಯೇ ಇಲ್ಲ. ಸ್ಕ್ರೀನ್‌ಶಾಟ್ ನೋಡಿ ವೈನಿ ಕೇಳಿದ್ದು ಮೂರೇ ಪದ: "ಸೆರಗು ಎಲ್ಲಿ ಹೋತು?"

ಆ ಪ್ರಶ್ನೆಯಲ್ಲೇ ಎಲ್ಲಾ ಇದೆ. 1.2 ಕೋಟಿ ಪಿಕ್ಸೆಲ್‌ನ ಫೋಟೊದಲ್ಲಿ ಸೆರಗಿನ ಬಿಳಿ ನೂರಕ್ಕೆ ಎರಡು ಭಾಗ ಇದ್ದರೆ ಅದಕ್ಕೆ ಇರೋದು 2.4 ಲಕ್ಷ ಓಟು. ಮೈಯ ಕಪ್ಪಿಗೆ ಎಪ್ಪತ್ತು ಎಂಬತ್ತು ಲಕ್ಷ. ಯಂತ್ರ ಓಟು ಎಣಿಸುತ್ತದೆ. ಕಣ್ಣು ಹಾಗೆ ಎಣಿಸಲ್ಲ. ಇಳಕಲ್ ಸೀರೆ ಬಿಚ್ಚಿದ ಕೂಡಲೇ ಕಣ್ಣು ಹೋಗೋದು ಸೆರಗಿಗೆ. ಸಣ್ಣ ಜಾಗದಲ್ಲಿರೋ ಗಟ್ಟಿ ಬಣ್ಣವೇ ಅಲ್ಲಿ ಯಜಮಾನ.

ಇದಕ್ಕೆ ಮದ್ದು ಇಲ್ಲ ಅಂತಲ್ಲ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ವಾಲ್‌ಪೇಪರ್ ಬದಲಾಯಿಸಿದರೆ ಬಟನ್‌ಗಳ ಬಣ್ಣವೂ ಬದಲಾಗುತ್ತದಲ್ಲ, 2021ರ ಆಂಡ್ರಾಯ್ಡ್ 12ರಿಂದ ಬಂದ ಸೌಲಭ್ಯ, ಅದರೊಳಗೆ ಇರೋದೂ ಕೆ-ಮೀನ್ಸ್‌ನ ತಮ್ಮನೇ. ಆದರೆ ಗೂಗಲ್‌ನವರು ಅಲ್ಲಿ ಒಂದು ಜಾಣತನ ಮಾಡಿದ್ದಾರೆ. ಮೊದಲು ಚಿತ್ರವನ್ನು ಐದಲ್ಲ, ನೂರಕ್ಕೂ ಜಾಸ್ತಿ ಬಣ್ಣಕ್ಕೆ ಇಳಿಸುತ್ತಾರೆ, ಆಗ ಸಣ್ಣ ಬಣ್ಣಗಳು ಸಾಯಲ್ಲ. ಆಮೇಲೆ ಅವಕ್ಕೆ ಅಂಕ ಕೊಡುತ್ತಾರೆ. ಎಷ್ಟು ಜಾಗದಲ್ಲಿದೆ ಅನ್ನೋದಕ್ಕೆ ಒಂದಿಷ್ಟು, ಬಣ್ಣ ಎಷ್ಟು ಗಾಢವಾಗಿದೆ ಅನ್ನೋದಕ್ಕೆ ಒಂದಿಷ್ಟು. ಬೂದು ಬೂದಾಗಿರೋದನ್ನು ಸುಮ್ನೆ ಆಚೆ ಹಾಕುತ್ತಾರೆ. ಹಾಗೆ ಆಚೆ ಹಾಕಿ ಏನೂ ಉಳಿಯದಿದ್ದರೆ? ಅವರ ತೆರೆದ ಕೋಡ್‌ನಲ್ಲಿ ಅದಕ್ಕೂ ಉತ್ತರ ಇದೆ, ಒಂದು ಸಿದ್ಧ ನೀಲಿ ಕೊಡುತ್ತದೆ. ಗೂಗಲ್‌ನ ಲೋಗೊದಲ್ಲಿರೋ ಅಂಥ ನೀಲಿ. ಕಪ್ಪುಬಿಳುಪು ಫೋಟೊ ಹಾಕಿದವರ ಅಭಿರುಚಿ ಕಂಪನಿಯ ಅಭಿರುಚಿ ಆಗಿಬಿಡುತ್ತದೆ.

ಇನ್ನೊಂದು ತೊಂದರೆ ಇದಕ್ಕಿಂತ ಕೆಳಗೆ, ಬುಡದಲ್ಲೇ ಇದೆ. ಬಣ್ಣವನ್ನು ಯಾವ ಅಂಕಿಯಲ್ಲಿ ಬರೆಯಬೇಕು? ಅಪ್ಪಟ ನೀಲಿಯ ಅಂಕಿ 0, 0, 255. ಅಪ್ಪಟ ಹಳದಿ 255, 255, 0. ಇವೆರಡರ ಸರಾಸರಿ ತೆಗೆದು ನೋಡಿ: ಸುಮಾರು 128, 128, 128. ಅದು ಬೂದಿ. ನೀಲಿ ಹಳದಿ ಕಲಸಿದರೆ ಹಸಿರು ಬರುತ್ತದೆ ಅಂತ ಡ್ರಾಯಿಂಗ್ ಕ್ಲಾಸಿನಲ್ಲಿ ಕಲಿತ ಮಕ್ಕಳಿಗೆ ಇದು ಮೋಸ ಅನ್ನಿಸಬಹುದು. ಪರದೆಯಲ್ಲಿ ಕಲಸೋದು ಬೆಳಕನ್ನು, ಅದೂ ಅಂಕಿಯಾಗಿ. ಸರಿ, ಕೆಂಪು ಹಸಿರು ನೀಲಿ ಬಿಟ್ಟು, ಎಲ್ಲ ಬಣ್ಣಗಳನ್ನೂ ವೃತ್ತವಾಗಿ ಜೋಡಿಸಿದ ಬಣ್ಣದ ಚಕ್ರದ ಮೇಲಿನ ಡಿಗ್ರಿಯಲ್ಲಿ ಬರೆಯೋಣ ಅಂದರೆ ಅಲ್ಲೊಂದು ಗುಂಡಿ. ಚಕ್ರದಲ್ಲಿ ಕೆಂಪು ಇರೋದು 0 ಡಿಗ್ರಿಯಲ್ಲಿ. 350 ಡಿಗ್ರಿಯದೂ ಒಂದು ಕೆಂಪೇ, 10 ಡಿಗ್ರಿಯದೂ ಕೆಂಪೇ. ಇವೆರಡರ ಸರಾಸರಿ 180. ಅಲ್ಲಿ ಕೂತಿರೋದು ಒಂಥರಾ ನೀಲಿ-ಹಸಿರು. ಎರಡು ಕುಂಕುಮ ಸೇರಿಸಿದರೆ ನವಿಲುಗರಿ ಬರೋ ಲೆಕ್ಕ! ನಾನು ಮೊದಲ ಸಲ ಕೋಡ್ ಬರೆದಾಗ ಇದೇ ಗುಂಡಿಗೆ ಬಿದ್ದು, ಒಂದು ಸಂಜೆಯೆಲ್ಲ ನನ್ನ ಲ್ಯಾಪ್‌ಟಾಪ್ ಕೆಟ್ಟಿದೆ ಅಂದುಕೊಂಡಿದ್ದೆ.

ಚಕ್ರದ ಲೆಕ್ಕಕ್ಕೆ ಇನ್ನೊಂದು ಐಬು. ಅಪ್ಪಟ ಹಳದಿಗೂ ಅಪ್ಪಟ ನೀಲಿಗೂ ಅದು ಒಂದೇ ಹೊಳಪು ಅನ್ನುತ್ತದೆ, ಎರಡಕ್ಕೂ 50. ನಿಮ್ಮ ಕಣ್ಣಿಗೆ ಹಾಗೆ ಕಾಣುತ್ತದಾ? ಇಲ್ಲ. ಕಣ್ಣಿಗೆ ಒಪ್ಪೋ ಲೆಕ್ಕ ಬೇಕು ಅಂತಲೇ ಬೆಳಕು-ಬಣ್ಣದ ಅಂತರರಾಷ್ಟ್ರೀಯ ಆಯೋಗ, ಸಿಐಇ, 1976ರಲ್ಲಿ ಲ್ಯಾಬ್ ಅನ್ನೋ ಅಳತೆ ತಂದಿತು. ಅದರಲ್ಲಿ ಹಳದಿಯ ಹೊಳಪು 97, ನೀಲಿಯದು 32. ಇದು ಕಣ್ಣಿನ ಮಾತಿಗೆ ಹತ್ತಿರ. ಆದರೂ ನೀಲಿಯನ್ನು ತಿಳಿ ಮಾಡುತ್ತಾ ಹೋದರೆ ಲ್ಯಾಬ್‌ನಲ್ಲಿ ಅದು ನೇರಳೆಗೆ ವಾಲುತ್ತದೆ. 2020ರ ಡಿಸೆಂಬರ್‌ನಲ್ಲಿ ಬ್ಯೋರ್ನ್ ಒಟ್ಟೊಸನ್ ಅನ್ನೋರು ಇದನ್ನು ಸರಿಪಡಿಸಿ ಓಕೆಲ್ಯಾಬ್ ಅಂತ ಒಂದು ಅಳತೆ ಬಿಟ್ಟರು. ಯಾವ ದೊಡ್ಡ ಸಂಸ್ಥೆಯ ಹಂಗೂ ಇಲ್ಲದೆ ಒಬ್ಬರು ಬರೆದು ಹಾಕಿದ್ದು ಇವತ್ತು ಬ್ರೌಸರ್‌ಗಳಲ್ಲಿ, ಫೋಟೊಶಾಪ್‌ನಲ್ಲಿ ಕೂತಿದೆ. ನನಗಂತೂ ಈ ಇಡೀ ಕ್ಷೇತ್ರದಲ್ಲಿ ತುಂಬಾ ಇಷ್ಟವಾದ ಸಂಗತಿ ಅದು. ಕೆ-ಮೀನ್ಸ್ ಓಡಿಸೋರು ಬೇರೇನೂ ಮಾಡದೇ ಅಂಕಿಗಳನ್ನು ಓಕೆಲ್ಯಾಬ್‌ಗೆ ಬದಲಾಯಿಸಿ ಓಡಿಸಿದರೂ ಸಾಕು, ಅರ್ಧ ಕೆಸರು ಇಳಿಯುತ್ತದೆ.

ಇಷ್ಟು ಹೊತ್ತು ಮಾತಾಡಿದ್ದು ಇರೋ ಚಿತ್ರದಿಂದ ಬಣ್ಣ ಹೆಕ್ಕೋದು. ಚಿತ್ರವೇ ಇಲ್ಲದೆ ಹೊಸದಾಗಿ ಹುಟ್ಟಿಸಬೇಕು ಅಂದರೆ, ಯಾವ ಬಣ್ಣಕ್ಕೆ ಯಾವುದು ಒಪ್ಪುತ್ತದೆ ಅಂತ ಯಂತ್ರಕ್ಕೆ ಗೊತ್ತಿರಬೇಕು. ನಮಗೆ ಶಾಲೆಯಲ್ಲಿ ಹೇಳಿಕೊಟ್ಟದ್ದು ಚಕ್ರದ ಸೂತ್ರ. ಎದುರುಬದುರಿನವು ಒಪ್ಪುತ್ತವೆ, ಪಕ್ಕಪಕ್ಕದವು ಒಪ್ಪುತ್ತವೆ, ತ್ರಿಕೋನ ಹಾಕಿದರೆ ಮೂರು ಒಪ್ಪುತ್ತವೆ. ಬಣ್ಣಗಳನ್ನು ಚಕ್ರಕ್ಕೆ ಸುತ್ತಿದವನು ನ್ಯೂಟನ್, ಕಲಾಶಾಲೆಗಳಲ್ಲಿ ಈ ಸೂತ್ರಗಳನ್ನು ಊರಿದವರಲ್ಲಿ ದೊಡ್ಡ ಹೆಸರು ಬೌಹೌಸ್ ಅನ್ನೋ ಜರ್ಮನ್ ಕಲಾಶಾಲೆಯ ಯೊಹಾನೆಸ್ ಇಟ್ಟೆನ್. ಇದು ನಿಜವಾ ಅಂತ ಕೇಳಿ ನೋಡಿದವರು ಸಂಶೋಧಕ ಪೀಟರ್ ಓಡೊನೊವನ್ ಮತ್ತು ಜೊತೆಗಾರರು, 2011ರಲ್ಲಿ. ಅಡೋಬಿಯ ಕುಲರ್, ಕಲರ್‌ಲವರ್ಸ್ ಅನ್ನೋ ಎರಡು ಸೈಟುಗಳಲ್ಲಿ ಜನ ತಾವೇ ಮಾಡಿ ಹಾಕಿದ್ದ, ಬೇರೆಯವರು ಅಂಕ ಕೊಟ್ಟಿದ್ದ ಲಕ್ಷಗಟ್ಟಲೆ ಐದು-ಬಣ್ಣದ ಪ್ಯಾಲೆಟ್‌ಗಳನ್ನು ಜಾಲಾಡಿದರು. ಸೂತ್ರಕ್ಕೆ ಹೊಂದೋ ಪ್ಯಾಲೆಟ್‌ಗೆ ಜಾಸ್ತಿ ಅಂಕ ಬಿದ್ದಿರಬೇಕಲ್ವಾ? ಹಾಗೇನೂ ಕಾಣಲಿಲ್ಲ. ಚಕ್ರದ ಸೂತ್ರಗಳಿಗೆ ಅಷ್ಟಾಗಿ ಆಧಾರ ಸಿಗಲಿಲ್ಲ. ಬದಲಿಗೆ ಹೊಳಪು, ಗಾಢತೆ, ಅಕ್ಕಪಕ್ಕದ ಬಣ್ಣಗಳ ನಡುವಿನ ಅಂತರ ಇಂಥ ನೂರಾರು ಸಣ್ಣ ಅಳತೆಗಳನ್ನು ಕೂಡಿಸಿದರೆ ಜನರ ಅಂಕವನ್ನು ತಕ್ಕಮಟ್ಟಿಗೆ ಊಹಿಸಬಹುದು ಅಂತ ತೋರಿಸಿದರು. ಡ್ರಾಯಿಂಗ್ ಮೇಷ್ಟ್ರು ಓದಿದರೆ ಬೇಜಾರಾಗಬಹುದು, ಆದರೆ ಒಳ್ಳೇ ಕೆಲಸ.

ಅಂಕ ಊಹಿಸೋದು ಬೇರೆ, ಹುಟ್ಟಿಸೋದು ಬೇರೆ. ನರಜಾಲಕ್ಕೆ, ಅಂದರೆ ಉದಾಹರಣೆ ನೋಡಿ ನೋಡಿ ಕಲಿಯೋ ಪ್ರೋಗ್ರಾಮಿಗೆ, ನಾಲ್ಕು ಬಣ್ಣ ಕೊಟ್ಟು ಐದನೆಯದು ಹೇಳು ಅಂತ ಕಲಿಸಿದ್ದೀರಿ ಅಂದುಕೊಳ್ಳಿ. ಜನ ಮಾಡಿದ ಪ್ಯಾಲೆಟ್‌ಗಳಲ್ಲಿ ಆ ಜಾಗದಲ್ಲಿ ಅರ್ಧ ಸಲ ನೀಲಿ ಇತ್ತು, ಅರ್ಧ ಸಲ ಹಳದಿ ಇತ್ತು. ತಪ್ಪು ಎಷ್ಟು ಕಡಿಮೆಯೋ ಅಷ್ಟು ಒಳ್ಳೇದು ಅಂತ ಹೇಳಿಕೊಟ್ಟ ಜಾಲ ಏನು ಮಾಡುತ್ತದೆ? ನೀಲಿ ಅಂದರೆ ಅರ್ಧ ಸಲ ದೊಡ್ಡ ತಪ್ಪು. ಹಳದಿ ಅಂದರೂ ಅಷ್ಟೇ. ನಡುವೆ ನಿಂತರೆ ಎರಡೂ ಕಡೆ ಸಾಧಾರಣ ತಪ್ಪು, ವರ್ಗ ಹಾಕಿ ಕೂಡಿದರೆ ಅದೇ ಕಡಿಮೆ. ಹಾಗಾಗಿ ಬೂದಿ ಕೊಡುತ್ತದೆ. ಯಾರೂ ಕೇಳದ, ಯಾರೂ ಮಾಡದ, ಆದರೆ ಯಾರಿಗೂ ತೀರಾ ದೂರವಾಗದ ಬೂದಿ. ಹೊಸದಾಗಿ ಇದನ್ನು ಕಟ್ಟೋಕೆ ಹೊರಟವರೆಲ್ಲ ಮೊದಲು ನೋಡೋದು ಈ ಬೂದಿ-ಕಂದು ಸಾಲನ್ನೇ.

ಇದರಿಂದ ತಪ್ಪಿಸಿಕೊಳ್ಳೋಕೆ ಸಿಕ್ಕ ದಾರಿಗಳಲ್ಲಿ ಒಂದು ಗ್ಯಾನ್. ಇಯಾನ್ ಗುಡ್‌ಫೆಲೊ ಮತ್ತು ಸಂಗಡಿಗರು 2014ರಲ್ಲಿ ತಂದದ್ದು. ಅದರಲ್ಲಿ ಎರಡು ಜಾಲ. ಒಂದು ಪವರ್‌ಲೂಮ್ ಸೀರೆ ತಂದು ಕೈಮಗ್ಗದ್ದು ಅಂತ ಮಾರೋಕೆ ಬಂದವನು, ಇನ್ನೊಂದು ಸೀರೆ ತಿರುಗಿಸಿ ಹಿಂಬದಿ ನೋಡಿ "ಇದು ಕೈಮಗ್ಗದ್ದಲ್ಲ" ಅಂತ ಹಿಡಿಯೋ ನಮ್ಮ ವೈನಿ. ಅವನು ಸಿಕ್ಕಿಬಿದ್ದ ಹಾಗೆಲ್ಲ ಇನ್ನೂ ಚೆನ್ನಾಗಿ ಮೋಸ ಮಾಡೋಕೆ ಕಲಿಯುತ್ತಾನೆ, ಇವರು ಇನ್ನೂ ಚೆನ್ನಾಗಿ ಹಿಡಿಯೋಕೆ. ಇಲ್ಲಿ ಬೂದಿ ನಡೆಯಲ್ಲ. ಮನುಷ್ಯರು ಮಾಡಿದ ಪ್ಯಾಲೆಟ್‌ಗಳಲ್ಲಿ ಬರೀ ಬೂದಿಯ ಸಾಲು ಇರೋದೇ ಕಡಿಮೆ, ಕೂಡಲೇ ಸಿಕ್ಕಿಬೀಳುತ್ತದೆ. ನೀಲಿಯನ್ನೋ ಹಳದಿಯನ್ನೋ ಧೈರ್ಯವಾಗಿ ಆರಿಸಲೇಬೇಕು. ಕಲರ್‌ಮೈಂಡ್ ಅನ್ನೋ ಸೈಟು ಹೀಗೆ ಕೆಲಸ ಮಾಡಿ ಹೆಸರು ಮಾಡಿತು. ಆದರೆ ಗ್ಯಾನ್‌ಗೂ ಒಂದು ಚಟ ಇದೆ. ಒಂದು ಸಲ ಒಂದು ನೀಲಿ-ಕಿತ್ತಳೆ ಜೋಡಿ ವೈನಿಯ ಕಣ್ಣು ತಪ್ಪಿಸಿತು ಅಂದರೆ ಮಾರೋನು ದಿನಾ ಅದೇ ಗಂಟು ಹೊತ್ತುಕೊಂಡು ಬರುತ್ತಾನೆ. ಈಚಿನ ಸಲಕರಣೆಗಳು ಟ್ರಾನ್ಸ್‌ಫಾರ್ಮರ್, ಡಿಫ್ಯೂಷನ್ ಅನ್ನೋ ಬೇರೆ ಬಗೆಯ ಜಾಲಗಳ ಕಡೆ ಹೋಗಿವೆ, ಬಣ್ಣ ವೈವಿಧ್ಯ ಜಾಸ್ತಿಯಾಗಿದೆ. ಅಲ್ಲಿಗೆ ಅಂಕಿಯ ಸರಾಸರಿಯ ಕಾಟ ಸುಮಾರಾಗಿ ತೀರಿತು ಅನ್ನಬಹುದು.

ತೀರದೇ ಇರೋದು ಅಭಿರುಚಿಯ ಸರಾಸರಿ. ಎಷ್ಟೇ ಚಂದದ ಜಾಲ ಇರಲಿ, ಅದು ಕಲಿಯೋದು ಯಾರೋ ಸೇವ್ ಮಾಡಿದ, ಯಾರೋ ಲೈಕ್ ಒತ್ತಿದ ಪ್ಯಾಲೆಟ್‌ಗಳಿಂದ. ಆ ಸೈಟುಗಳ ಭಾಷೆ ಇಂಗ್ಲಿಷು, ಪ್ಯಾಲೆಟ್‌ಗಳ ಹೆಸರೂ ಇಂಗ್ಲಿಷು. 2018ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಪದ ಕೊಟ್ಟರೆ ಪ್ಯಾಲೆಟ್ ಕೊಡುವ ಮಾಡೆಲ್ ಕಟ್ಟಿದಾಗ ಕೂಡಿಸಿಕೊಂಡದ್ದು ಸುಮಾರು 10 ಸಾವಿರ ಪದ-ಪ್ಯಾಲೆಟ್ ಜೋಡಿ, ಎಲ್ಲಾ ಇಂಗ್ಲಿಷ್ ಪದಗಳೇ. ಅದಕ್ಕೂ ಮುಂಚೆ 2010ರಲ್ಲಿ ಎಕ್ಸ್‌ಕೆಸಿಡಿ ಕಾಮಿಕ್‌ನ ರಾಂಡಲ್ ಮನ್ರೋ ಒಂದು ಸಮೀಕ್ಷೆ ಮಾಡಿದ್ದರು, ಪರದೆಯ ಮೇಲೆ ಬಣ್ಣ ತೋರಿಸಿ ಇದಕ್ಕೆ ಏನಂತೀರಿ ಅಂತ. ಎರಡು ಲಕ್ಷಕ್ಕೂ ಜಾಸ್ತಿ ಸಲ ಜನ ಕೂತು 50 ಲಕ್ಷಕ್ಕೂ ಮೇಲ್ಪಟ್ಟು ಬಣ್ಣಗಳಿಗೆ ಹೆಸರಿಟ್ಟರು. ಎಂಥ ಸಂಪತ್ತು! ಅದೂ ಇಂಗ್ಲಿಷೇ.

ನಮ್ಮ ಕಡೆ ಬಣ್ಣದ ಹೆಸರು ಇರೋದು ಸೀರೆ ಅಂಗಡಿಯಲ್ಲಿ. ಗಿಣಿ ಹಸಿರು, ರಾಮಾ ಹಸಿರು, ಈರುಳ್ಳಿ ಸಿಪ್ಪೆ, ಕಾಫಿಪುಡಿ, ನವಿಲು ಕತ್ತು, ದಾಳಿಂಬೆ. ಎಂ.ಎಸ್. ಬ್ಲೂ ಅಂತೊಂದಿದೆ, ಎಂ.ಎಸ್. ಸುಬ್ಬುಲಕ್ಷ್ಮಿ ಉಡುತ್ತಿದ್ದ ಕಾಂಚೀಪುರಂ ಸೀರೆಯಿಂದ ಬಂದ ಹೆಸರು. ಹೀಗೆ ಒಬ್ಬ ಗಾಯಕಿಯ ಹೆಸರಲ್ಲಿ ಒಂದು ನೀಲಿ ಇದ್ದರೆ ಅದನ್ನು ಯಾವ ಸರಾಸರಿ ಹೇಳಿಕೊಡಬೇಕು? ನಾನು ಚಾಟ್‌ಬಾಟ್‌ಗೆ "ತುಪ್ಪದ ಬಣ್ಣ" ಅಂತ ಕೇಳಿದೆ. ಬಂಗಾರದ ಹಳದಿ ಕೊಟ್ಟಿತು. ತಪ್ಪೇನಲ್ಲ, ಆಕಳ ತುಪ್ಪ ಹಳದಿಯೇ. ಎಮ್ಮೆ ತುಪ್ಪ ಕಾಸೋ ಮನೆಯಲ್ಲಿ ತುಪ್ಪ ಅಂದರೆ ಬಿಳಿ. ಮುಂದೆ ವೈನಿ ಕೇಳಿದ್ದೂ ಎಮ್ಮೆ ತುಪ್ಪದ ಬಣ್ಣವೇ.

ಯಂತ್ರ ಕಲಿಯೋದೇ ಬೇಡ, ಸುಮ್ನೆ ಲೆಕ್ಕ ಹಾಕಿದರೆ ಸಾಕು ಅನ್ನೋ ಒಂದು ಸಂಗತಿಯೂ ಇದೆ. ಓದೋಕೆ ಆಗುತ್ತದಾ ಅನ್ನೋದು. ವೆಬ್ ಪುಟಗಳಿಗೆ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ, ಡಬ್ಲ್ಯುಸಿಎಜಿ ಅಂತ. ಸಾಧಾರಣ ಅಕ್ಷರಕ್ಕೂ ಅದರ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 4.5 ಇರಬೇಕು, ದೊಡ್ಡ ಅಕ್ಷರಕ್ಕಾದರೆ 3 ಸಾಕು. ಇದನ್ನು ನಮ್ಮ ಹಳದಿ-ಕೆಂಪಿಗೆ ಹಾಕಿ ನೋಡಿದೆ. ಅಪ್ಪಟ ಹಳದಿ, ಅಪ್ಪಟ ಕೆಂಪು ಅಂತಿಟ್ಟುಕೊಂಡರೆ ಅನುಪಾತ 3.72. ಅಂದರೆ ರಾಜ್ಯೋತ್ಸವದ ಬ್ಯಾನರ್‌ನಲ್ಲಿ ಕೆಂಪಿನ ಮೇಲೆ ಹಳದಿಯಲ್ಲಿ ದೊಡ್ಡದಾಗಿ "ಸಿರಿಗನ್ನಡಂ ಗೆಲ್ಗೆ" ಅಂತ ಬರೆದದ್ದು ಪಾಸು, ಅದರ ಕೆಳಗೆ ಸಣ್ಣದಾಗಿ ಸಾಲು ಸಾಲು ಬರೆದ ಸಂಘದ ಪದಾಧಿಕಾರಿಗಳ ಹೆಸರು ಫೇಲು. ಕೆಂಪನ್ನು 255ರಿಂದ 229ಕ್ಕೆ ಇಳಿಸಿ, ಕಣ್ಣಿಗೆ ಹೆಚ್ಚುಕಡಿಮೆ ಅದೇ ಕೆಂಪು, ಅನುಪಾತ 4.5 ದಾಟುತ್ತದೆ. ಬಿಳಿ ಮೇಲೆ ಹಳದಿ ಬರೆದರೆ 1.07, ಬರೆದದ್ದೂ ಒಂದೇ ಬಿಟ್ಟದ್ದೂ ಒಂದೇ. ಹಳದಿ ಮೇಲೆ ಕಪ್ಪು 19ಕ್ಕೂ ಜಾಸ್ತಿ, ಟ್ಯಾಕ್ಸಿಯ ನಂಬರ್ ಪ್ಲೇಟು ದೂರದಿಂದಲೂ ಕಾಣೋದು ಸುಮ್ನೆ ಅಲ್ಲ. ಲೈಕ್‌ಗಳಿಂದ ಕಲಿತ ಪ್ಯಾಲೆಟ್ ಯಂತ್ರಕ್ಕೆ ಇದು ಯಾವುದೂ ತಾನಾಗಿ ಗೊತ್ತಾಗಲ್ಲ. ಐದು ಚೌಕ ಪಕ್ಕಪಕ್ಕ ಚೆಂದ ಕಂಡರೆ ಜನ ಲೈಕ್ ಒತ್ತುತ್ತಾರೆ, ಅದರ ಮೇಲೆ ಅಕ್ಷರ ಬರೆದು ನೋಡಲ್ಲ.

ಇಲ್ಲಿಗೆ ನನಗೆ ಅನ್ನಿಸಿದ್ದು, ತಪ್ಪು ಯಂತ್ರದ್ದಕ್ಕಿಂತ ನಾವು ಕೇಳೋ ಪ್ರಶ್ನೆಯದು ಜಾಸ್ತಿ. ಐದು ಬಣ್ಣ ಕೊಡು ಅಂತೀವಿ. ಯಾವ ಬಣ್ಣ ಎಷ್ಟು ಜಾಗಕ್ಕೆ, ಯಾವುದರ ಪಕ್ಕದಲ್ಲಿ, ಯಾವ ಕೆಲಸಕ್ಕೆ ಅಂತ ಹೇಳಲ್ಲ. ಅದೇ ಐದು ಬಣ್ಣವನ್ನು 120 ಥರ ಜೋಡಿಸಬಹುದು. ಕಪ್ಪು ಮೈಗೆ ಕೆಂಪು ಸೆರಗು ಒಂದು ಸೀರೆ, ಕೆಂಪು ಮೈಗೆ ಕಪ್ಪು ಸೆರಗು ಇನ್ನೊಂದೇ ಸೀರೆ. ಪಟ್ಟಿಯಲ್ಲಿ ಮಾತ್ರ ಎರಡೂ ಒಂದೇ.

ನೇಕಾರರ ಲೋಕದಲ್ಲಿ ಇದು ಹೊಸ ಸುದ್ದಿ ಅಲ್ಲ. ಪ್ಯಾರಿಸ್‌ನ ಗೊಬ್ಲೆ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳೋಕೆ 1824ರಲ್ಲಿ ಮಿಶೆಲ್ ಯೂಜೀನ್ ಶೆವ್ರಲ್ ಅನ್ನೋ ರಸಾಯನಶಾಸ್ತ್ರಜ್ಞನನ್ನು ಹಾಕಿದರು. ಅವನ ಮುಂದೆ ಬಂದ ದೂರುಗಳಲ್ಲಿ ಒಂದು, ಇಲ್ಲಿನ ಕಪ್ಪು ಬಣ್ಣಕ್ಕೆ ಕಸುವೇ ಇಲ್ಲ ಅಂತ. ಬೇರೆ ಕಡೆಯ ಕಪ್ಪು ನೂಲು ತಂದು ಹೋಲಿಸಿ ನೋಡಿದ. ಬಣ್ಣದಲ್ಲಿ ದೋಷ ಇರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ನೂಲುಗಳಿಂದ ಕಪ್ಪು ಪೇಲವವಾಗಿ ಕಾಣುತ್ತಿತ್ತು, ಅಷ್ಟೇ. ಬಣ್ಣ ಬದಲಾಯಿಸೋ ಬದಲು ನೆರೆಮನೆ ಬದಲಾಯಿಸಬೇಕಿತ್ತು. ಕಪ್ಪು ಮೈಗೆ ಕೆಂಪನ್ನೇ ಪಕ್ಕಕ್ಕೆ ತಂದಿಟ್ಟ ಇಳಕಲ್ ನೇಕಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಳ್ಳೇ ಸಲಕರಣೆಗಳು ಈಗ ಈ ಕಡೆಗೇ ಬರುತ್ತಿವೆ. ಹ್ಯೂಮಿಂಟ್ ಅನ್ನೋದು ಐದು ಚೌಕ ಕೊಟ್ಟು ಕೈ ತೊಳೆದುಕೊಳ್ಳಲ್ಲ, ಇದು ಹಿನ್ನೆಲೆ, ಇದು ಎದ್ದು ಕಾಣಬೇಕಾದ್ದು ಅಂತ ಜಾಗ ಗುರುತಿಸಿ ಬಣ್ಣ ತುಂಬುತ್ತದೆ. ಗೂಗಲ್‌ನ ಮೆಟೀರಿಯಲ್ ಅನ್ನೋ ವಿನ್ಯಾಸ ವ್ಯವಸ್ಥೆಯಲ್ಲೂ ಪ್ರತಿ ಬಣ್ಣಕ್ಕೂ ಒಂದು ಹುದ್ದೆ. ಹೊಳಪನ್ನು 0ಯಿಂದ 100ರ ತನಕ ಅಳೆದು, ಅಕ್ಷರಕ್ಕೂ ಹಿನ್ನೆಲೆಗೂ 50ರ ಅಂತರ ಇಟ್ಟರೆ 4.5 ಖಾತ್ರಿ ಅಂತ ಲೆಕ್ಕ ಕಟ್ಟಿದ್ದಾರೆ. ಅಲ್ಲಿ ಕಲಿಕೆ ಏನೂ ಇಲ್ಲ, ಬರೀ ಗಣಿತ, ಆದರೆ ಕೆಲಸ ಆಗುತ್ತದೆ. ಕ್ರೋಮಾ ಅನ್ನೋ ಸಲಕರಣೆ ಇನ್ನೊಂದು ದಾರಿ ಹಿಡಿದಿದೆ. ನೀವೇ 50 ಬಣ್ಣ ಆರಿಸಿ ಕೊಟ್ಟರೆ ನಿಮ್ಮ ಅಭಿರುಚಿಗೆ ಒಂದು ಪುಟ್ಟ ಜಾಲ ತರಬೇತಾಗುತ್ತದೆ. ಊರಿನ ಸರಾಸರಿ ಬದಲು ನಿಮ್ಮದೇ ಸರಾಸರಿ. ನನ್ನ 50ರಲ್ಲಿ ಮೂವತ್ತು ನೀಲಿ ಇತ್ತು, ಏನು ಬಂದಿರಬಹುದು ನೀವೇ ಊಹಿಸಿ.

ವೈನಿಗೆ ಕೊನೆಗೆ ಫೋನ್ ಮಾಡಿ ಕೇಳಿದೆ, ನೀವೇ ಹೇಳಿಬಿಡಿ ವೈನಿ, ಹೆಂಗಿರಬೇಕು ಅಂತ. "ಮೈ ಎಮ್ಮಿ ತುಪ್ಪದ್ದು, ಅಕ್ಷರ ಕರೀದು, ದಡಿಗೆ ಸಣ್ಣಗೆ ಒಂದು ಹಳದಿ ಗೆರಿ, ಕೆಂಪು ಸೆರಗಿಗೆ ಅಷ್ಟ" ಅಂದರು. ಪುಟಕ್ಕೆ ಸೆರಗು ಯಾವುದು ವೈನಿ ಅಂದೆ. "ಕೊಳ್ಳೋದಕ್ಕ ಎಲ್ಲಿ ಒತ್ತಬೇಕೋ ಅದ." ಹತ್ತು ಸೆಕೆಂಡಿನಲ್ಲಿ ಜಾಗ, ಪ್ರಮಾಣ, ನೆರೆಹೊರೆ ಎಲ್ಲಾ ಹೇಳಿ ಮುಗಿಸಿದರು. ಅದನ್ನೇ ಹಾಗೇ ಬರೆದು ಚಾಟ್‌ಬಾಟ್‌ಗೆ ಕೊಟ್ಟೆ. ಈ ಸಲ ಪುಟ ಚೆನ್ನಾಗಿ ಬಂತು, ನೇರಳೆಯ ಸುಳಿವಿಲ್ಲ. ಅನುಪಾತವೂ ನೋಡಿದೆ, ಎಲ್ಲಾ ಪಾಸು.

ಲಿಂಕ್ ಕಳಿಸಿದ ಮೇಲೆ ಅರ್ಧ ಗಂಟೆ ಸದ್ದಿಲ್ಲ. ಆಮೇಲೆ ಒಂದು ಫೋಟೊ ಬಂತು. ಮಗನ ಫೋನಿನಲ್ಲಿ ನನ್ನ ಪುಟ ತೆಗೆದಿಟ್ಟು, ಪಕ್ಕದಲ್ಲಿ ಸೆರಗು ಹಿಡಿದು, ತಮ್ಮ ಫೋನಿನಿಂದ ತೆಗೆದದ್ದು. ಪುಟದ ಕೆಂಪು ಕಿತ್ತಳೆ ಆಗಿ ಕಾಣುತ್ತಿತ್ತು, ಸೆರಗಿನ ಕೆಂಪು ಇನ್ನೇನೋ ಆಗಿತ್ತು. ಜೊತೆಗೆ ವಾಯ್ಸ್ ಮೆಸೇಜು: "ಇದು ನಮ್ಮ ಕೆಂಪಲ್ಲ. ನಾಳೆ ಸೀರಿನ ಕಳಸ್ತೀನಿ ತಗೋ, ನೋಡಿ ಹಚ್ಚು."